ಮಾಡಿದವರ ಹೆಸರು

ಮೊನ್ನೆ ಭಾನುವಾರ ಮಧ್ಯಾಹ್ನ ನನ್ನ ಮಗಳು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಕೆಂಪು ಬಣ್ಣ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲಿ ಕೂಡಲಾಗಲಿಲ್ಲ. "ಹೊರಗ ಕುಂತು ಹಚ್ಕೋ ಹೋಗು" ಎಂದು ಗದರಿದೆ. ಆಕೆ ಮುಖ ಊದಿಸಿಕೊಂಡು ಎದ್ದು ಹೋದಳು. ಹೆಂಡತಿ ಅಡುಗೆಮನೆಯಿಂದ ಇಣುಕಿ, ಹುಡುಗಿಯ ಮೇಲೆ ಯಾಕೆ ಸಿಟ್ಟು ಎಂದು ಕೇಳಿದಳು. ಈ ವಾಸನೆಗೆ ತಲೆ ನೋಯುತ್ತದೆ ಎಂದೆ. ಸುಳ್ಳು. ನನಗೆ ಸುಳ್ಳು ಹೇಳುವುದು ಹೊಸದೇನೂ ಅಲ್ಲ. ಇದನ್ನು ಓದಿ ಮುಗಿಸುವಷ್ಟರಲ್ಲಿ ಅದು ನಿಮಗೂ ತಿಳಿದಿರುತ್ತದೆ.

ಅದು ಅಕ್ಕೋರ ವಾಸನೆ. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಗಳನ್ನು ಊರೆಲ್ಲ ಅಕ್ಕೋರೆಂದೇ ಕರೆಯುತ್ತದೆ. ಆದರೆ ಈ ಅಕ್ಕೋರು ಒಮ್ಮೆಯೂ ಉಗುರಿಗೆ ಬಣ್ಣ ಹಚ್ಚಿಕೊಂಡವರಲ್ಲ. ನಲವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ, ಮುದಿ ತಾಯಿಯನ್ನು ನೋಡಿಕೊಂಡು ಇದ್ದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಎರಡೆರಡು ಹಸಿರು ಬಳೆ, ಕಾಲಿಗೆ ರಬ್ಬರಿನ ಚಪ್ಪಲಿ. ಅಂಥವರು ಒಂದು ಅಮಾವಾಸ್ಯೆಯ ದಿನ ಗುಡ್ಡಾಪುರಕ್ಕೆ ದಾನಮ್ಮನ ದರ್ಶನಕ್ಕೆಂದು ಹೋಗಿ, ಗುಡಿಯ ಮುಂದಿನ ಬಳೆ ಅಂಗಡಿಯಲ್ಲಿ ಕೆಂಪು ಬಣ್ಣದ ಬಾಟಲಿ ಕೇಳಿದರಂತೆ. ಅಂಗಡಿಯಾಕೆ ಅವರನ್ನು ಮೇಲಿಂದ ಕೆಳಗೆ ನೋಡಿ "ಮಗಳಿಗೇನ್ರೀ?" ಎಂದಳಂತೆ. "ಹೌದ್ರಿ, ಐದು ಮಂದಿ ಅದಾರ" ಎಂದು ಹೇಳಿ ಎರಡು ಬಾಟಲಿ ಕಟ್ಟಿಸಿಕೊಂಡು ಬಂದರು. ಐದು ಮಂದಿ ಎಂದರೆ ನಮ್ಮ ಶಾಲೆಯ ಐದು ಹಳೆಯ ಕಂಪ್ಯೂಟರುಗಳು.

ಆಗ ನಾನು ಹೊಸದಾಗಿ ಶಿಕ್ಷಣ ಸೇವಕನಾಗಿ, ಅಂದರೆ ಇನ್ನೂ ಕಾಯಂ ಆಗದ ಶಿಕ್ಷಕನಾಗಿ, ಸೇರಿದ್ದೆ. ಸಂಖದಿಂದ ಆಚೆ, ಮರಾಠಿ ರಾಜ್ಯದ ಗಡಿಯಂಚಿನಲ್ಲಿ, ಜೋಳದ ಹೊಲಗಳ ನಡುವೆ ಒಂದು ಕನ್ನಡ ಶಾಲೆ. ಊರಿನ ಹೆಸರು ಬೇಡ. ಸಾಂಗ್ಲಿಯ ಯಾವುದೋ ಕಾಲೇಜಿನವರು ತಮಗೆ ಬೇಡವಾದ ಆ ಐದು ಯಂತ್ರಗಳನ್ನು ದಾನ ಮಾಡಿದ್ದರು. ಹೆಡ್‌ಮಾಸ್ತರರು ಅವಕ್ಕೆ ಬಟ್ಟೆ ಹೊದಿಸಿ, ದಸರೆಯಲ್ಲಿ ಕುಂಕುಮ ಹಚ್ಚಿ, ಕಾಯಿ ಒಡೆದು, ಮತ್ತೆ ಬಟ್ಟೆ ಹೊದಿಸಿ ಇಟ್ಟಿದ್ದರು. ದೇವರ ಕೋಣೆಯಲ್ಲಾದರೂ ದಿನಕ್ಕೊಮ್ಮೆ ದೀಪ ಹಚ್ಚುತ್ತಾರೆ. ಈ ಕೋಣೆಯ ಬೀಗ ವರ್ಷಕ್ಕೊಮ್ಮೆ ತೆಗೆಯುತ್ತಿದ್ದರು.

ಅಕ್ಕೋರು ಬೀಗದ ಕೈ ಇಸಿದುಕೊಂಡರು. ಯಾವುದೋ ತರಬೇತಿಗೆ ಹೋದಾಗ ಯಾರೋ ಕೊಟ್ಟ ಒಂದು ಡಿಸ್ಕ್ ಅವರ ಬಳಿ ಇತ್ತು. ಮುಕ್ತ ತಂತ್ರಾಂಶ. ಅದರಲ್ಲಿ ಮಕ್ಕಳಿಗೆ ಎಣಿಕೆ, ಕೂಡಿಸುವುದು, ಕಳೆಯುವುದು, ಗಡಿಯಾರ ನೋಡುವುದು ಎಲ್ಲ ಆಟಗಳಾಗಿ ಇದ್ದವು. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹೊಟ್ಟೆ ಬಿಚ್ಚಿ ನೋಡಬಹುದು, ತಮಗೆ ಬೇಕಾದಂತೆ ತಿದ್ದಬಹುದು, ಮತ್ತೊಬ್ಬರಿಗೆ ಕೊಡಬಹುದು. ನನಗೆ ನಂಬಿಕೆ ಬರಲಿಲ್ಲ. ಪುಕ್ಕಟೆ ಸಿಗುವುದರಲ್ಲಿ ಏನೋ ಒಂದು ಕೊರತೆ ಇದ್ದೇ ಇರುತ್ತದೆ ಎಂದು ನನ್ನಪ್ಪ ಹೇಳಿಕೊಟ್ಟಿದ್ದ. ಅದನ್ನೇ ಅಕ್ಕೋರಿಗೆ ಹೇಳಿದೆ.

"ನಿಮ್ಮವ್ವ ಹಾಲಿಗೆ ಹೆಪ್ಪು ಎಲ್ಲಿಂದ ತರ್ತಾಳೋ ತಮ್ಮಾ?" ಎಂದು ಕೇಳಿದರು.

"ಬಾಜೂ ಮನಿಯಿಂದ್ರಿ."

"ಕೊಟ್ಟಾಕಿ ಗಡಿಗ್ಯಾಗ ಮೊಸರು ಕಡಿಮಿ ಆಗತೈತೇನು? ನಾಳಿ ಆಕಿ ಹೆಪ್ಪು ಕೆಟ್ರ ನಿಮ್ಮ ಮನಿಗೇ ಬರ್ತಾಳ. ಇದೂ ಹಂಗ ಐತಿ ನೋಡು. ಇಸ್ಕೊಂಡಾಂವ ಮತ್ತೊಬ್ಬಾಂವಗ ಇಲ್ಲಂತ ಬಾಗಲಾ ಹಾಕಬಾರದು. ಯಾರ ಮನಿ ಹೆಪ್ಪು ಅನ್ನೂದು ಮರೀಬಾರದು. ಇಷ್ಟ ಕರಾರು."

ತಮ್ಮಾ ಎಂದೇ ಕರೆಯುತ್ತಿದ್ದರು ನನ್ನನ್ನು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಒಂದು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ನನ್ನ ಪಾಲಿನದು ಬೇರೆ ಇರುತ್ತಿತ್ತು. ನಾನು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ಅವರ ಆ ರೊಟ್ಟಿಯನ್ನು ಮೂರು ವರ್ಷ ತಿಂದಿದ್ದೇನೆ...

ಕೀಲಿಮಣೆಯ ಮೇಲೆ ಇಂಗ್ಲಿಷ್ ಅಕ್ಷರಗಳಷ್ಟೇ ಇದ್ದವು. ಪೆನ್ನಿನಿಂದ ಕನ್ನಡ ಬರೆದರು, ವಾರದಲ್ಲಿ ಅಳಿಸಿಹೋಯಿತು. ಕಾಗದ ಅಂಟಿಸಿದರು, ಮಕ್ಕಳು ಕೆರೆದು ತೆಗೆದರು. ಕೊನೆಗೆ ಉಗುರಿನ ಬಣ್ಣ. ಊದಿನಕಡ್ಡಿಯ ಹಿಂಬದಿಯನ್ನು ಬಣ್ಣದಲ್ಲಿ ಅದ್ದಿ, ಒಂದೊಂದು ಗುಂಡಿಯ ಮೂಲೆಯಲ್ಲಿ ಒಂದೊಂದು ಅಕ್ಷರ ಬರೆದರು. ದೊಡ್ಡ ತರಗತಿಯ ಹುಡುಗಿಯರೂ ಕೈ ಹಚ್ಚಿದರು. ಅವರ ಬೆರಳಿನ ತುದಿಯೆಲ್ಲ ಕೆಂಪಾಗಿ, ಮನೆಗೆ ಹೋದರೆ ತಾಯಂದಿರು "ಸಾಲ್ಯಾಗ ಏನ್ ಕಲಸ್ತಾರವ್ವಾ, ಉಗರಿಗೆ ಬಣ್ಣಾ ಹಚ್ಚೂದು?" ಎಂದು ಕೇಳಿದರಂತೆ. ಕಂಪ್ಯೂಟರ್ ಕೋಣೆಯಲ್ಲಿ ತಿಂಗಳುಗಟ್ಟಲೆ ಆ ಘಾಟು ಇತ್ತು.

ಕನ್ನಡವೇ ಯಾಕೆ ಎಂದು ದೂರದವರು ಕೇಳಬಹುದು. ನಮ್ಮ ಮಕ್ಕಳ ಪಾಡು ಎರಡೂ ಕಡೆ ಇಲ್ಲದ ಪಾಡು. ಪುಸ್ತಕವೇನೋ ಕನ್ನಡದಲ್ಲಿ ಬರುತ್ತದೆ. ಆದರೆ ಪರದೆಯ ಮೇಲೆ ತೋರಿಸುವ ಪಾಠಗಳೆಲ್ಲ ಮರಾಠಿ. ಗಡಿಯಾಚೆಯ ಕನ್ನಡ ಪಾಠ ತಂದು ತೋರಿಸೋಣವೆಂದರೆ ಅವರ ಪಠ್ಯ ಬೇರೆ, ನಮ್ಮದು ಬೇರೆ. ಇದಕ್ಕೆ ನಾವೆಲ್ಲ ಗೊಣಗುತ್ತಿದ್ದೆವು. ಶಿಕ್ಷಕರ ಸಭೆಯಲ್ಲಿ ಚಹಾ ಕುಡಿದು ಗೊಣಗಿ ಮನೆಗೆ ಬರುತ್ತಿದ್ದೆವು. ಅಕ್ಕೋರೊಬ್ಬರು ಗೊಣಗಲಿಲ್ಲ. ಆ ಆಟಗಳ ಹೊಟ್ಟೆ ಬಿಚ್ಚಿ, ಇಂಗ್ಲಿಷ್ ಮಾತು ತೆಗೆದು ಕನ್ನಡ ಹಾಕುತ್ತ ಕೂತರು. ಸೇಬಿನ ಚಿತ್ರ ತೆಗೆದು ದಾಳಿಂಬೆ ಇಟ್ಟರು, ಮಕ್ಕಳೇ ಬಿಡಿಸಿದ್ದು. ಇಂಗ್ಲಿಷ್ ದನಿಯ ಬದಲು ಮಕ್ಕಳ ದನಿ. ಅದನ್ನು ಮಧ್ಯಾಹ್ನದ ಊಟದ ಅಕ್ಕಿ ಇಡುವ ಕೋಣೆಯಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಚೀಲಗಳ ನಡುವೆ ದನಿ ಮೊಳಗುವುದಿಲ್ಲ ಎಂದು ಅವರೇ ಕಂಡುಕೊಂಡಿದ್ದರು. ಹುಡುಗರ ತಲೆಯ ಮೇಲೆ ಕೌದಿ ಮುಚ್ಚಿ, ಒಳಗೆ ಮೊಬೈಲು ಹಿಡಿದು, "ಹೂಂ, ಅನ್ನು" ಎನ್ನುತ್ತಿದ್ದರು. ಒಳಗಿಂದ ನಗು ಬರುತ್ತಿತ್ತು. ಮತ್ತೆ ಮೊದಲಿಂದ.

ಎಣಿಕೆಯ ಆಟಕ್ಕೆ ಕುರಿ ಹಾಕಿದ್ದರು. ಬೇಲಿಯ ಸಂದಿಯಿಂದ ಕುರಿಗಳು ಒಂದೊಂದಾಗಿ ದೊಡ್ಡಿಗೆ ಹೋಗುತ್ತವೆ, ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ದನಿ ಒಂದು, ಎರಡು, ಮೂರು ಎಂದು ಎಣಿಸುತ್ತದೆ. ಆ ಹುಡುಗಿ ಕುರಿಗಾರರ ಮನೆಯವಳು. ಒಂದು ದಿನ ಅವಳ ಅಪ್ಪ ಶಾಲೆಗೆ ಬಂದ. ಹೆಗಲ ಮೇಲೆ ಕಂಬಳಿ. ಕುರಿ ಹೊಡೆದುಕೊಂಡು ದೂರ ಹೋಗುವ ಕಾಲ ಬಂದಿತ್ತು, ಮಗಳನ್ನು ಶಾಲೆ ಬಿಡಿಸಿ ಜೊತೆಗೆ ಕರೆದೊಯ್ಯಲು ಬಂದಿದ್ದ. ಅಕ್ಕೋರು ಬೇಡ ಎನ್ನಲಿಲ್ಲ, ಬೋಧನೆ ಮಾಡಲಿಲ್ಲ. "ಹೋಗೂಕಿಂತ ಮದಲ ಮಗಳ ದನಿ ಒಂದೀಟ ಕೇಳ್ರಿ" ಎಂದು ಕಂಪ್ಯೂಟರಿನ ಮುಂದೆ ಕೂಡಿಸಿದರು. ಆತ ಕುರ್ಚಿಯ ತುದಿಯಲ್ಲಿ ಕೂತು ನೋಡಿದ. ನೋಡುತ್ತ ನಕ್ಕ.

"ತಪ್ಪೈತ್ರೀ ಇದು. ಕುರಿ ಯಾಂವ ಒಂದೊಂದ ಎಣಸ್ತಾನ್ರಿ? ಹಂಗ ಎಣಸಿದ್ರ ಹೊತ್ತ ಮುಣಗತೈತಿ. ಜೋಡಿ ಎಣಸಬೇಕ್ರಿ. ಹತ್ತು ಜೋಡಿ ಆದ್ರ ಒಂದ ಹಳ್ಳು ಈ ಕೈಯಿಂದ ಆ ಕೈಗೆ."

ನಾನಾದರೆ ನಕ್ಕು ಕಳಿಸಿಬಿಡುತ್ತಿದ್ದೆ. ಅಕ್ಕೋರು ವಹಿ ತೆಗೆದು ಬರೆದುಕೊಂಡರು. ಎಡಗೈಯೋ ಬಲಗೈಯೋ ಎಂದೂ ಕೇಳಿಕೊಂಡರು. ಎರಡು ದಿನ ತಡೆದು ಹೋಗಿರಿ ಎಂದು ಆತನಿಗೆ ಹೇಳಿದರು. ಮೂರನೆಯ ದಿನ ಆತ ಮತ್ತೆ ಬಂದಾಗ ಪರದೆಯ ಮೇಲೆ ಕುರಿಗಳು ಜೋಡಿ ಜೋಡಿಯಾಗಿ ಹೋಗುತ್ತಿದ್ದವು, ಹತ್ತು ಜೋಡಿಗೆ ಒಂದು ಸಣ್ಣ ಕಲ್ಲು, ಆತ ಹೇಳಿದ ಹಳ್ಳು, ಸರಿಯುತ್ತಿತ್ತು. ಓದುಬರಹ ಬಾರದ ಮನುಷ್ಯ ತಪ್ಪು ಎಂದಿದ್ದ, ಕಂಪ್ಯೂಟರು ತಿದ್ದಿಕೊಂಡಿತ್ತು. ಆತ ಕೊನೆಯ ಕುರಿ ದೊಡ್ಡಿ ಸೇರುವವರೆಗೆ ನೋಡಿದ. ಆಮೇಲೆ ಎದ್ದು, ಮಗಳು ಅಜ್ಜಿಯ ಹತ್ತಿರ ಇರಲಿ ಬಿಡ್ರಿ ಎಂದು ಹೇಳಿ ಹೋದ. ಆ ವರ್ಷ ಅವಳು ಶಾಲೆ ಬಿಡಲಿಲ್ಲ. ಮುಂದಿನ ವರ್ಷವೂ ಬಿಡಲಿಲ್ಲ. ಎರಡು ಮತ್ತು ಇಪ್ಪತ್ತರ ಮಗ್ಗಿ ನಮ್ಮ ಶಾಲೆಯಲ್ಲಿ ಯಾರೂ ಬಾಯಿಪಾಠ ಮಾಡಬೇಕಾಗಿ ಬರಲಿಲ್ಲ.

ಆಟಗಳ ಕೊನೆಯಲ್ಲಿ ಒಂದು ಪುಟವಿತ್ತು, "ಮಾಡಿದವರು" ಎಂದು. ಮೊದಲಿಗೆ ಆ ತಂತ್ರಾಂಶವನ್ನು ಮಾಡಿದ ಪರದೇಶದವರ ಹೆಸರುಗಳು. ಅವನ್ನು ಅಕ್ಕೋರು ಮುಟ್ಟಿರಲಿಲ್ಲ. ಕೆಳಗೆ ನಮ್ಮ ನಲವತ್ತೊಂದು ಮಕ್ಕಳ ಹೆಸರು. ದನಿ ಕೊಟ್ಟವರು, ಚಿತ್ರ ಬಿಡಿಸಿದವರು, ಅಕ್ಷರ ಬರೆದವರು. ಎಣಿಕೆ ತಿದ್ದಿದವರು ಎಂದು ಆ ಕುರಿಗಾರನ ಹೆಸರು. ಕೌದಿ ಕೊಟ್ಟವರು ಎಂದು ಅಡುಗೆ ಮಾಡುವ ಅಜ್ಜಿಯ ಹೆಸರು. ಅದರ ಕೆಳಗೆ ನನ್ನದೂ ಇತ್ತು. ನಾನು ಜತ್ತದಿಂದ ಐದೂ ಯಂತ್ರಕ್ಕೆ ಕರೆಂಟು ಕೊಡುವ ಒಂದು ವೈರಿನ ಬೋರ್ಡು ತಂದುಕೊಟ್ಟಿದ್ದೆ. "ಬೋರ್ಡು ತಂದವರು" ಎಂದು ನನ್ನ ಹೆಸರು ಹಾಕಿದ್ದರು. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಅವರದು. ಮಕ್ಕಳಿಗೆ ಆಟಕ್ಕಿಂತ ಆ ಪುಟವೇ ಹೆಚ್ಚು. ಬೆಳಿಗ್ಗೆ ಬಂದವರೇ ಅದನ್ನು ತೆರೆದು, ತಮ್ಮ ಹೆಸರಿನ ಮೇಲೆ ಬೆರಳಿಟ್ಟು ನೋಡಿ, ಆಮೇಲೆ ಪ್ರಾರ್ಥನೆಗೆ ನಿಲ್ಲುತ್ತಿದ್ದರು.

ಇನ್ನು ನನ್ನ ಕಥೆ.

ಶಿಕ್ಷಕರ ನವೋಪಕ್ರಮಗಳಿಗೆ, ಅಂದರೆ ಹೊಸ ಪ್ರಯೋಗಗಳಿಗೆ, ಒಂದು ಸ್ಪರ್ಧೆ ಬಂತು. ಅರ್ಜಿ ಮರಾಠಿಯಲ್ಲಿ ತುಂಬಬೇಕು. ಅಕ್ಕೋರು ಮರಾಠಿ ಮಾತಾಡುತ್ತಿದ್ದರು, ಬರೆಯಲು ಹಿಂಜರಿಯುತ್ತಿದ್ದರು. "ನೀನ ಬರಿ ತಮ್ಮಾ. ನನ್ನ ಮರಾಠಿ ಓದಿ ಅವರು ನಕ್ಕಾರು" ಎಂದರು. ಅದೇ ವಾರ ಅವರ ತಾಯಿಗೆ ಜಡ್ಡಾಗಿ ಮಿರಜಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಎಲ್ಲ ಫೈಲುಗಳಿದ್ದ ಒಂದು ಡಿಸ್ಕನ್ನು ನನ್ನ ಕೈಗೆ ಕೊಟ್ಟು, ಅವರು ಮೂರು ವಾರ ರಜೆ ಹಾಕಿ ಹೋದರು.

ನಾನು ಅರ್ಜಿ ಬರೆದೆ. ಚಲೋ ಬರೆದೆ, ಆ ಮಾತು ಇಲ್ಲವೆನ್ನಲಾರೆ. ಉಪಕ್ರಮ ಮಾಡಿದವರ ಹೆಸರು ಎಂದು ಒಂದು ಸಾಲು ಇತ್ತು, ಒಂದೇ ಹೆಸರಿಗೆ ಸಾಲುವಷ್ಟು ಜಾಗ. ಆ ಸಾಲಿನ ಮುಂದೆ ಎಷ್ಟು ಹೊತ್ತು ಕೂತಿದ್ದೆ ಎಂದು ನನಗೆ ಗೊತ್ತು. ಹೆಚ್ಚು ಹೊತ್ತು ಕೂತಿರಲಿಲ್ಲ. ನನ್ನದು ಇನ್ನೂ ಕಾಯಂ ಆಗದ ನೌಕರಿ. ಅಕ್ಕೋರಿಗೆ ಇದೆಲ್ಲ ಯಾಕೆ, ಅವರಿಗೆ ಬಡ್ತಿ ಬೇಕೆ, ಸನ್ಮಾನ ಬೇಕೆ, ಅವರೇ ಎಲ್ಲರದು ಎನ್ನುತ್ತಾರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಕೇಳಿದರಾಯಿತು ಎಂದುಕೊಂಡೆ. ನನ್ನ ಹೆಸರು ಬರೆದೆ.

ಹೆಸರು ಬರೆದ ಮೇಲೆ, ಸ್ಪರ್ಧೆಗೆ ಕಳಿಸಬೇಕಾದ ಪ್ರತಿಯಲ್ಲಿದ್ದ ಆ ಕೊನೆಯ ಪುಟ ಕಣ್ಣಿಗೆ ಚುಚ್ಚತೊಡಗಿತು. ಅದರಲ್ಲಿ ನಾನು ಬೋರ್ಡು ತಂದವನು! ಆ ಪುಟದ ಫೈಲು ಎಲ್ಲಿರುತ್ತದೆ, ಅದನ್ನು ಹೇಗೆ ತೆರೆಯಬೇಕು, ಹೇಗೆ ತಿದ್ದಿ ಉಳಿಸಬೇಕು ಎಂಬುದೆಲ್ಲ ನನಗೆ ಬರುತ್ತಿತ್ತು. ಅಕ್ಕೋರೇ ಪಕ್ಕದಲ್ಲಿ ಕೂತು, ಬೇಸರವಿಲ್ಲದೆ, ನಾಲ್ಕು ನಾಲ್ಕು ಸಲ ತೋರಿಸಿ ಕಲಿಸಿದ್ದರು. ಅವರು ಕಲಿಸಿದ ವಿದ್ಯೆಯಿಂದಲೇ ಅವರ ಹೆಸರು ಅಳಿಸಿದೆ. ಮಕ್ಕಳದು ಅಳಿಸಿದೆ, ಕುರಿಗಾರನದು ಅಳಿಸಿದೆ, ಅಜ್ಜಿಯದು ಅಳಿಸಿದೆ, ಪರದೇಶದವರನ್ನೂ ಬಿಡಲಿಲ್ಲ. ಉಳಿದದ್ದು ಒಂದೇ ಹೆಸರು, ಅದರ ಹಿಂದಿನ ಬೋರ್ಡನ್ನೂ ತೆಗೆದೆ. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

ಆಯ್ಕೆಯಾಯಿತು. ಶಾಲು, ಕಾಯಿ, ಚೌಕಟ್ಟಿನ ಸರ್ಟಿಫಿಕೇಟು. ಅಲ್ಲಿಗೇ ನಿಂತಿದ್ದರೂ ಒಂದು ಮಾತಿತ್ತು. ಟ್ಯಾಬುಗಳಿಗೆ ಪಾಠ ಮಾಡಿಕೊಡುವ ಒಂದು ಕಂಪನಿಯವರು ಬಂದು, ನಿಮ್ಮ ಆಟಗಳನ್ನು ನಾವು ತೆಗೆದುಕೊಳ್ಳುತ್ತೇವೆ, ಊರೂರಿಗೆ ಮುಟ್ಟಿಸುತ್ತೇವೆ ಎಂದರು. ಕಾಗದಕ್ಕೆ ಸಹಿ ಹಾಕಿದೆ. ಅವರು ಅದಕ್ಕೆ ಗುಪ್ತಸಂಖ್ಯೆ ಹಾಕಿ ಬೀಗ ಜಡಿದರು. ಹೊಟ್ಟೆ ಬಿಚ್ಚಿ ನೋಡುವಂತಿಲ್ಲ, ತಿದ್ದುವಂತಿಲ್ಲ, ಅವರ ಪಟ್ಟಿಯಲ್ಲಿಲ್ಲದ ಶಾಲೆಗೆ ಕೊಡುವಂತಿಲ್ಲ. ಕೈ ಕೆಸರಾದದ್ದು ಅಕ್ಕೋರದು, ಬಾಯಿ ಮೊಸರಾದದ್ದು ನನ್ನದು.

ಅಕ್ಕೋರು ಆಸ್ಪತ್ರೆಯಿಂದ ಬಂದ ಮೇಲೆ ಪ್ರಶಸ್ತಿಯ ಸುದ್ದಿ ಕೇಳಿ ನನ್ನ ಕೈಗೆ ಸಕ್ಕರೆ ಹಾಕಿದರು. ಶಾಲೆಯ ಹೆಸರಿನಲ್ಲೇ ಅರ್ಜಿ ಹೋಗಿದೆ ಎಂದು ತಿಳಿದಿದ್ದರು. ನಾನು ತಿದ್ದಲಿಲ್ಲ. ಅವರಿಗೆ ನಿಜ ತಿಳಿದದ್ದು ಮರುವರ್ಷ, ನಮ್ಮ ಶಾಲೆಗೆ ಟ್ಯಾಬು ಬಂದ ದಿನ. ಮಕ್ಕಳು ಮುತ್ತಿಕೊಂಡರು. ಕುರಿಗಳು ಜೋಡಿಯಾಗಿ ಹೋಗುತ್ತಿದ್ದವು, ಆ ಹುಡುಗಿಯದೇ ದನಿ ಎಣಿಸುತ್ತಿತ್ತು. ಅವಳು ಖುಷಿಯಿಂದ ಕೊನೆಯ ಪುಟ ತೆರೆದಳು. ಮೇಲೆ ಕೆಳಗೆ ಸರಿಸಿದಳು. ಮತ್ತೆ ಸರಿಸಿದಳು.

"ಅಕ್ಕೋರೆ, ನನ್ನ ಹೆಸರ ಎಲ್ಲೈತ್ರಿ? ಅಪ್ಪಂದೂ ಇಲ್ರಿ."

ಅಕ್ಕೋರು ಟ್ಯಾಬು ಇಸಿದುಕೊಂಡು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಾರೂ ಏನೂ ಅನ್ನುವ ಮೊದಲೇ ನಾನು "ಫಾರಮಿನ್ಯಾಗ ಒಂದ ಹೆಸರಿಗಷ್ಟ ಜಾಗಾ ಇತ್ರಿ" ಎಂದುಬಿಟ್ಟೆ. ಮಕ್ಕಳು ನನ್ನನ್ನು ನೋಡಿದರು. ಅಕ್ಕೋರು ಅವರನ್ನೆಲ್ಲ ಆಟಕ್ಕೆ ಕಳಿಸಿ, ನನ್ನನ್ನು ಹೊರಗೆ ನಲ್ಲಿಯ ಹತ್ತಿರ ಕರೆದರು.

"ನಿಮ್ಮ ಹೆಸರ ಹಾಕ್ಕೊಂಡೀರಿ, ಹಾಕ್ಕೋರಿ. ಅದಕ್ಕ ನಂದೇನೂ ಇಲ್ಲ. ಹುಡುಗರ ಹೆಸರ ಯಾಕ ಒರಸಿದ್ರಿ ಸರ?"

ಸರ ಎಂದರು. ತಮ್ಮಾ ಎಂಬುದು ಆ ದಿನಕ್ಕೆ ಮುಗಿಯಿತು. ಒಂದು ಬೈಗುಳ ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ನನಗೆ ಉಸಿರು ಬರುತ್ತಿತ್ತು. ನಾನು ತಲೆ ತಗ್ಗಿಸಿ ನಿಂತಿದ್ದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಇಲ್ಲ, ನಾನು ವಾದ ಮಾಡಿದೆ. ಊರೂರಿಗೆ ಮುಟ್ಟುತ್ತಿದೆಯಲ್ಲ, ಅದಕ್ಕಿಂತ ಹೆಸರು ದೊಡ್ಡದೇ ಎಂದು ಕೇಳಿದೆ.

"ದೊಡ್ಡದಲ್ರಿ. ಆದ್ರ ಆ ಹುಡುಗಿಗೆ ಅದೊಂದ ಇತ್ತು" ಎಂದರು. ಹನಿಯುತ್ತಿದ್ದ ನಲ್ಲಿ ಬಿಗಿ ಮಾಡಿ ಮತ್ತೆ ಹೇಳಿದರು: "ಅವರಿಗೆ ಒಂದ ಕಾಗದಾ ಬರೀರಿ. ಹೆಸರ ತಿರಗಿ ಹಾಕ್ರಿ ಅನ್ರಿ. ಕೇಳಿದ ಸಾಲಿಗೆ ಕೊಡ್ರಿ ಅನ್ರಿ. ಇಷ್ಟ ಮಾಡ್ರಿ ಸರ, ಮತ್ತೇನೂ ಬ್ಯಾಡ."

ನೋಡ್ತೀನ್ರಿ ಎಂದೆ. ನೋಡಲಿಲ್ಲ.

ಮುಕ್ತ ತಂತ್ರಾಂಶದ ಕರಾರು ಅಕ್ಕೋರ ಪಕ್ಷದಲ್ಲೇ ಇತ್ತು. ಹೆಸರು ಅಳಿಸಬಾರದು, ಬೀಗ ಹಾಕಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅವರು ಮೇಲಿನವರಿಗೆ ಒಂದು ದೂರು ಬರೆದಿದ್ದರೆ ನನ್ನ ಶಾಲು ಅಂದೇ ಹೆಗಲಿಂದ ಜಾರುತ್ತಿತ್ತು, ಬಹುಶಃ ನೌಕರಿಯೂ. ಬರೆಯಲಿಲ್ಲ. ನನ್ನ ಮದುವೆ ಗೊತ್ತಾಗಿತ್ತು, ಅದು ಅವರಿಗೆ ತಿಳಿದಿತ್ತು. ಮದುವೆಗೆ ಬಂದರು. ಅಕ್ಕಿಕಾಳು ಹಾಕಿ, ಊಟ ಮಾಡದೆ ಹೋದರು. ನಾನು ಉಂಡು ಹೋಗಿರಿ ಎಂದು ಒತ್ತಾಯ ಮಾಡಲಿಲ್ಲ.

ಆಮೇಲೆ ನಡೆದದ್ದಕ್ಕೆ ಯಾರೊಬ್ಬರನ್ನೂ ದೂರುವಂತಿಲ್ಲ, ಅದೇ ಸಂಕಟ. ಶಾಲೆಗೆ ಹೊಸ ಯಂತ್ರಗಳು ಬಂದವು, ಹಳೆಯ ಐದು ಗುಜರಿಗೆ ಹೋದವು. ಹೋಗುವ ಮೊದಲು ಯಾವನೋ ಅವುಗಳ ಒಳಗಿನದೆಲ್ಲ ಅಳಿಸಿ ಕೊಟ್ಟ. ಅಕ್ಕೋರು ಅಷ್ಟರಲ್ಲಿ ವರ್ಗವಾಗಿ ತಾಲೂಕಿನ ಇನ್ನೊಂದು ತುದಿಗೆ ಹೋಗಿದ್ದರು. ಅಲ್ಲಿಯ ಶಾಲೆಯಲ್ಲಿ ಕಂಪ್ಯೂಟರಿರಲಿಲ್ಲ, ಕರೆಂಟೂ ಸರಿಯಾಗಿ ಇರಲಿಲ್ಲ. ತಮ್ಮ ಕೆಲಸದ ಪ್ರತಿಗಳನ್ನು ಡಿಸ್ಕುಗಳಲ್ಲಿ ಹಾಕಿ, ಕೇಳಿದವರಿಗೆ, ಕೇಳದವರಿಗೆ, ಎಲ್ಲ ಕನ್ನಡ ಶಾಲೆಗಳ ಶಿಕ್ಷಕರಿಗೆ ಹಂಚಿದ್ದರು. ಅವರದೇ ಎಂದು ಒಂದನ್ನೂ ಇಟ್ಟುಕೊಂಡಿರಲಿಲ್ಲ. ಬೇಕಾದಾಗ ಯಾರ ಹತ್ತಿರವಾದರೂ ಇಸಿದುಕೊಂಡರಾಯಿತು ಎಂಬ ನಂಬಿಕೆ. ಶಿಕ್ಷಕರು ಡಿಸ್ಕು ತೆಗೆದುಕೊಂಡು, ಭಾಳ ಚಲೋ ಕೆಲಸಾ ಮಾಡೀರಿ ಅಕ್ಕೋರೆ ಎಂದು ಹೇಳಿ, ಮನೆಗೆ ಒಯ್ದರು. ಒಮ್ಮೆ ಸೊರಡಿಯ ಹಾದಿಯಲ್ಲಿ ಬೈಕಿನ ಮೇಲೆ ಹೋಗುವಾಗ ನಮ್ಮ ಶಿಕ್ಷಕರೊಬ್ಬರ ಹೊಲ ಕಂಡಿತು. ಜೋಳಕ್ಕೆ ತೆನೆ ಬಂದಿತ್ತು. ಹಕ್ಕಿ ಬೆದರಲೆಂದು ಕೋಲಿಗೆ ದಾರ ಕಟ್ಟಿ ಏನೋ ತೂಗುಬಿಟ್ಟಿದ್ದರು, ಬಿಸಿಲಿಗೆ ಪಳಪಳ ಹೊಳೆಯುತ್ತಿತ್ತು. ಇಳಿದು ಹೋಗಿ ನೋಡಿದೆ. ಡಿಸ್ಕು. ಮೇಲಿನ ಬರಹ ಮಳೆಗೆ ತೊಳೆದುಹೋಗಿತ್ತು, ಆದರೂ ಆ ದುಂಡನೆಯ ಅಕ್ಷರ ನನಗೆ ಗುರುತು ಸಿಕ್ಕಿತು.

ಆ ಶಿಕ್ಷಕನಿಗೆ ಬೈಯಲು ನನಗೆ ಬಾಯಿ ಎಲ್ಲಿದೆ? ಅವನ ಡಿಸ್ಕು ಹಕ್ಕಿಯನ್ನಾದರೂ ಓಡಿಸಿತು. ನನ್ನ ಕೈಗೆ ಕೊಟ್ಟದ್ದನ್ನು ನಾನು ಹೆಸರು ಅಳಿಸಿದ ಮರುದಿನವೇ ಎರಡು ಹೋಳು ಮಾಡಿ, ಸಿಕ್ಕುಬೀಳಬಾರದೆಂದು ಬಾವಿಗೆ ಎಸೆದಿದ್ದೆ.

ಅಕ್ಕೋರು ತೀರಿಹೋದದ್ದು ಹೋದ ವರ್ಷದ ಹಿಂದಿನ ವರ್ಷ. ಹೊಟ್ಟೆಯಲ್ಲಿ ಗಡ್ಡೆ ಆಗಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು, ಮಧ್ಯಾಹ್ನ ಮೂರು ಗಂಟೆಗೆ ಮಣ್ಣು ಎಂದು. ನಾನು ಹೋಗಲಿಲ್ಲ. ಅಷ್ಟರಲ್ಲಿ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕೇಂದ್ರ ಪ್ರಮುಖನಾಗಿದ್ದೆ, ಮೀಟಿಂಗು ಇತ್ತು. ಕೈ ಮುಗಿದ ಚಿತ್ರ ಒತ್ತಿದೆ. ನನಗಿಂತ ಮೊದಲು ಎಪ್ಪತ್ತು ಜನ ಒತ್ತಿದ್ದರು, ನಂತರವೂ ಒತ್ತಿದರು. ಮಣ್ಣಿಗೆ ಹೋದವರು ಹತ್ತೋ ಹನ್ನೆರಡೋ ಎಂದು ಆಮೇಲೆ ಕೇಳಿದೆ. ಆ ಕುರಿಗಾರ ಎಲ್ಲಿಂದಲೋ ಸುದ್ದಿ ಕೇಳಿ ಬಂದು ಹೆಗಲು ಕೊಟ್ಟನಂತೆ...

ಅದೇ ವರ್ಷ ಟ್ಯಾಬಿನ ಆಟಗಳು ಹೊಸದಾದವು. ಹೊಸದರಲ್ಲಿ ಕನ್ನಡ ಇರಲಿಲ್ಲ. ಕುರಿ ಇದ್ದವು, ದೊಡ್ಡಿ ಇತ್ತು, ಹಳ್ಳು ಸರಿಯುತ್ತಿತ್ತು, ದನಿ ಮಾತ್ರ ಮರಾಠಿ. ನಾನು ಕಂಪನಿಯವರಿಗೆ ಫೋನು ಹಚ್ಚಿದೆ. ಕನ್ನಡ ಶಾಲೆಗಳು ಕೆಲವೇ ಇವೆ, ಅಷ್ಟಕ್ಕಾಗಿ ಅದನ್ನು ನಡೆಸುವುದು ಗಿಟ್ಟುವುದಿಲ್ಲ ಎಂದರು. ಹಾಗಾದರೆ ಹಳೆಯ ಫೈಲುಗಳನ್ನಾದರೂ ಕೊಡಿ, ನಾವು ನೋಡಿಕೊಳ್ಳುತ್ತೇವೆ ಎಂದೆ. ಫೋನಿನಲ್ಲಿದ್ದವನು ಚಿಕ್ಕ ವಯಸ್ಸಿನವನು, ಬಹಳ ಸೌಮ್ಯವಾಗಿ ಹೇಳಿದ: ಅದೀಗ ಕಂಪನಿಯ ಸೊತ್ತು ಸರ್, ಕೊಡಲು ಬರುವುದಿಲ್ಲ, ನೀವೇ ಸಹಿ ಹಾಕಿದ್ದೀರಿ.

ಮಗಳನ್ನು ಗದರಿದ ಮರುದಿನ, ಅಂದರೆ ಮೊನ್ನೆ ಸೋಮವಾರ, ನನ್ನ ಕಚೇರಿಗೆ ಒಬ್ಬ ಶಿಕ್ಷಕಿ ಬಂದಳು. ಹೊಸದಾಗಿ ಸೇರಿದವಳು. ಕೇಳಿದರೆ ನಮ್ಮ ಆ ಹಳೆಯ ಶಾಲೆಗೇ ಬಂದಿದ್ದಾಳೆ. ಹೆಗಲ ಚೀಲದಿಂದ ಪೆನ್‌ಡ್ರೈವ್ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಸರ, ಕುರಿ ಎಣಸೂ ಆಟಾ ಕನ್ನಡದಾಗ ನೀವ ಮಾಡಿದ್ರಂತಲ್ರಿ. ಊರಾಗ ಎಲ್ಲಾರೂ ಅದನ್ನ ನೆನಸ್ತಾರ್ರಿ. ನಮ್ಮ ಹುಡುಗರಿಗೆ ಮರಾಠಿ ಎಣಿಕಿ ಹತ್ತವಲ್ದು. ಒಂದ ಕಾಪಿ ಕೊಡ್ರಿ ಸರ, ಹಾಕ್ಕೊಂಡ ಹೋಗ್ತೀನಿ."

"ಇಲ್ಲವ್ವಾ. ನನ್ನ ಹತ್ರ ಇಲ್ಲ."

"ನೀವ ಮಾಡಿದ್ದು ನಿಮ್ಮ ಹತ್ರನ ಇಲ್ಲಂದ್ರ ಹೆಂಗ್ರೀ ಸರ?"

ಗೋಡೆಯ ಮೇಲೆ ಚೌಕಟ್ಟಿನ ಸರ್ಟಿಫಿಕೇಟು ಇತ್ತು. ಆಕೆ ಅದನ್ನು ನೋಡಿಯೇ ಕೇಳುತ್ತಿದ್ದಳು. ಇಷ್ಟು ವರ್ಷ ಯಾರಿಗೂ ಹೇಳದ ಮಾತು, ಹೆಂಡತಿಗೂ ಹೇಳದ್ದು, ಯಾಕೋ ಅವಳ ಮುಂದೆ ಬಾಯಿಗೆ ಬಂತು.

"ನಾನು ಮಾಡಿದ್ದಲ್ಲವ್ವಾ ಅದು. ನಾನು ಬರೇ ಬೋರ್ಡ ತಂದಾಂವ. ಮಾಡಿದಾಕಿ ಬ್ಯಾರೆ, ಹುಡುಗರು ಮಾಡಿದ್ರು."

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಮುಖವರಳಿಸಿ ನಕ್ಕಳು, ಹಿರಿಯರ ಮಾತಿಗೆ ಗೌರವದಿಂದ ನಗುವ ಹಾಗೆ.

"ದೊಡ್ಡವರು ಹಿಂಗ ಅಂತೀರಿ ನೋಡ್ರಿ ಸರ. ಎಲ್ಲಾ ಹುಡುಗರ ಮಾಡಿದ್ದು, ನಂದೇನೂ ಇಲ್ಲ ಅಂತೀರಿ. ನಮ್ಮ ಹುಡುಗರಿಗೆ ಇದನ್ನ ಹೇಳ್ತೀನ್ರಿ ನಾನು."

ಪೆನ್‌ಡ್ರೈವ್ ಎತ್ತಿಕೊಂಡು, ನನಗೆ ನಮಸ್ಕಾರ ಮಾಡಿ ಹೋದಳು. ನಾನು ಅವಳನ್ನು ಕೂಗಿ ಕರೆಯಬೇಕಿತ್ತು. ಕರೆಯಲಿಲ್ಲ.

ಅಂದು ಸಂಜೆ ಇದನ್ನು ಬರೆಯಲು ಕೂತೆ. ಮೊದಲು ಒಂದು ಹಾಳೆಯ ಮೇಲೆ ಆ ನಲವತ್ತೊಂದು ಹೆಸರು ಬರೆಯೋಣವೆಂದುಕೊಂಡೆ. ಒಂಬತ್ತಕ್ಕೆ ನಿಂತುಹೋಯಿತು. ಕುರಿಗಾರರ ಆ ಹುಡುಗಿಯ ಹೆಸರು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಆದರೆ ಅಕ್ಕೋರ ಹೆಸರು ನನಗೆ ಚೆನ್ನಾಗಿ ಗೊತ್ತಿದೆ. ಮೂರು ಅಕ್ಷರ, ಬರೆಯಲು ಹೊತ್ತು ಬೇಕಿಲ್ಲ. ಇಷ್ಟುದ್ದ ಬರೆದೆ, ಒಂದು ಕಡೆಯೂ ಬರೆಯಲಿಲ್ಲ. ಗೌರವದಿಂದ ಅಕ್ಕೋರೆಂದೇ ಬರೆದಿದ್ದಾನೆ ಎಂದು ನೀವು ತಿಳಿದಿರಬಹುದು. ಹಾಗಲ್ಲ. ಅವರ ಹೆಸರು ಬರೆದರೆ ನಾನು ಯಾರೆಂದು ಜನಕ್ಕೆ ಗೊತ್ತಾಗುತ್ತದೆ.